ಎರಡು ವಾರದ ಸ್ಪ್ರಿಂಟ್‌ನಲ್ಲಿ ಟೆಸ್ಟಿಂಗ್ ಯಾವಾಗ, ಯಾರು, ಎಷ್ಟು? ಕಬ್ಬಿನ ಬಿಲ್ಲಿನ ಸಾಫ್ಟ್‌ವೇರ್‌ಗೆ ಸಲಹೆ ಬೇಕು

ಉದ್ಯಮಬಾಗ_ಡೆವ್ (ಬೆಳಗಾವಿ)

ಎಲ್ಲರಿಗೂ ನಮಸ್ಕಾರ. ನಮ್ಮದು ಬೆಳಗಾವಿಯ ಸಣ್ಣ ತಂಡ. ಐದು ಮಂದಿ ಡೆವಲಪರ್‌ಗಳು, ಒಬ್ಬರು ಟೆಸ್ಟರ್. ಸಕ್ಕರೆ ಕಾರ್ಖಾನೆಗಳಿಗೆ ಕಬ್ಬಿನ ತೂಕ, ರೈತರ ಬಿಲ್ಲು, ಬಿಲ್ಲಿನ ಎಸ್‌ಎಂಎಸ್ ನೋಡಿಕೊಳ್ಳುವ ಸಾಫ್ಟ್‌ವೇರ್ ಮಾಡುತ್ತೇವೆ. ಸರ್ವರ್ ಜಾವಾದಲ್ಲಿದೆ, ಡೇಟಾಬೇಸ್ ಒರಾಕಲ್, ವಾಹನ ತೂಗುವ ಕಾಟಾದ ಕೋಣೆಯಲ್ಲಿ ವಿಂಡೋಸ್ ಕಂಪ್ಯೂಟರ್.

ಸ್ಪ್ರಿಂಟ್ (ಒಂದು ಸುತ್ತಿನ ಕೆಲಸ ಮುಗಿಸುವ ಅವಧಿ) ಎರಡು ವಾರದ್ದು, ಅಂದರೆ ಹತ್ತು ಕೆಲಸದ ದಿನ. ಕೋಡ್ ಎಲ್ಲಾ ಒಟ್ಟಿಗೆ ಎಂಟನೇ ದಿನಕ್ಕೆ ಮುಗಿಯುತ್ತದೆ. ಉಳಿದ ಎರಡು ದಿನದಲ್ಲಿ ಟೆಸ್ಟಿಂಗ್ ಪೂರ್ತಿ ಆಗಬೇಕು, ಆಗುವುದಿಲ್ಲ. ಸಿಕ್ಕ ಬಗ್‌ಗಳು ಮುಂದಿನ ಸ್ಪ್ರಿಂಟ್‌ಗೆ ಹೋಗುತ್ತವೆ, ಅಲ್ಲಿನ ಹೊಸ ಕೆಲಸ ಹಿಂದೆ ಬೀಳುತ್ತದೆ, ಅದರ ಟೆಸ್ಟಿಂಗ್ ಮತ್ತೂ ತಡವಾಗುತ್ತದೆ.

ತಂಡದಲ್ಲಿ ಮೂರು ಮಾತು ನಡೆದಿವೆ. ಟೆಸ್ಟಿಂಗ್‌ಗೆ ಒಂದು ಸ್ಪ್ರಿಂಟ್ ಹಿಂದೆ ನಡೆಯುವ ಬೇರೆಯೇ ಸ್ಪ್ರಿಂಟ್ ಇಡೋಣ ಅನ್ನುವುದು ಒಂದು. ಎಲ್ಲಾ ಸ್ಕ್ರೀನ್‌ಗಳನ್ನೂ ಸೆಲೆನಿಯಂನಲ್ಲಿ (ಬ್ರೌಸರನ್ನು ತಾನೇ ನಡೆಸಿ ಟೆಸ್ಟ್ ಮಾಡುವ ಸಾಧನ) ಆಟೊಮೇಟ್ ಮಾಡೋಣ ಅನ್ನುವುದು ಇನ್ನೊಂದು. ಇನ್ನೊಬ್ಬ ಟೆಸ್ಟರ್ ತೆಗೆದುಕೊಳ್ಳೋಣ ಅನ್ನುವುದು ಮತ್ತೊಂದು. ಬಿಲ್ಲಿನ ಹಳೆಯ ಕೋಡ್‌ಗೆ ಯೂನಿಟ್ ಟೆಸ್ಟ್ (ಕೋಡ್‌ನ ಒಂದೊಂದು ಸಣ್ಣ ಭಾಗವನ್ನು ಪರೀಕ್ಷಿಸುವ ಕೋಡ್) ಒಂದೂ ಇಲ್ಲ. ಕಬ್ಬು ನುರಿಸುವ ಹಂಗಾಮು ಶುರುವಾದ ಮೇಲೆ ಬಿಲ್ಲಿನ ಭಾಗ ಮುಟ್ಟಲು ಬರುವುದಿಲ್ಲ, ಹಾಗಾಗಿ ಅಷ್ಟರೊಳಗೆ ಕೆಲಸದ ರೀತಿ ಬದಲಾಗಬೇಕು. ಎಲ್ಲಿಂದ ಶುರು ಮಾಡುವುದು?

ಗುಮ್ಮಟನಗರಿ_ಕ್ಯೂಎ (ವಿಜಯಪುರ)

ಮೂರರಲ್ಲಿ ಯಾವುದರಿಂದಲೂ ಶುರು ಮಾಡಬೇಡಿ. ನಿಮ್ಮ ತೊಂದರೆ ಇರುವುದು ಮೊದಲ ದಿನದಲ್ಲಿ, ಒಂಬತ್ತನೇ ದಿನದಲ್ಲಿ ಅದು ಕಣ್ಣಿಗೆ ಬೀಳುತ್ತದೆ ಅಷ್ಟೇ. ಕೋಡ್ ಮುಗಿದ ಮೇಲೆ ಟೆಸ್ಟರ್ ಕೈಗೆ ಸಿಗುವ ಬಗ್‌ಗಳಲ್ಲಿ ಬಹಳಷ್ಟು ಕೋಡ್‌ನ ತಪ್ಪುಗಳಲ್ಲ, ಸ್ಟೋರಿ (ಮಾಡಬೇಕಾದ ಒಂದು ಕೆಲಸದ ಚಿಕ್ಕ ವಿವರಣೆ) ಬರೆಯುವಾಗ ಯಾರೂ ಕೇಳದೇ ಬಿಟ್ಟ ಪ್ರಶ್ನೆಗಳು. ಅವನ್ನು ಕೋಡ್ ಬರೆಯುವ ಮೊದಲೇ ಕೇಳಿದರೆ ಅರ್ಧ ಗಂಟೆಯ ಕೆಲಸ. ಒಂಬತ್ತನೇ ದಿನ ಕೇಳಿದರೆ ಕೋಡ್, ಡೇಟಾಬೇಸ್, ರಿಪೋರ್ಟ್ ಮೂರನ್ನೂ ಮತ್ತೆ ಬಿಚ್ಚಬೇಕು.

ನಿಮ್ಮ ಕ್ಷೇತ್ರದ್ದೇ ಉದಾಹರಣೆ ತೆಗೆದುಕೊಳ್ಳಿ. ಸ್ಟೋರಿ ಇಷ್ಟೇ: "ರಿಕವರಿ ನೋಡಿ ಎಫ್‌ಆರ್‌ಪಿ ದರ ಲೆಕ್ಕ ಹಾಕಬೇಕು." ರಿಕವರಿ ಅಂದರೆ ಕಬ್ಬಿನಿಂದ ಸಿಗುವ ಸಕ್ಕರೆಯ ಶೇಕಡಾ, ಎಫ್‌ಆರ್‌ಪಿ ಅಂದರೆ ಕಾರ್ಖಾನೆ ರೈತರಿಗೆ ಕೊಡಲೇಬೇಕಾದ ಕನಿಷ್ಠ ದರ. 2025-26ರ ಹಂಗಾಮಿಗೆ ಕೇಂದ್ರ ಸರ್ಕಾರ ನಿಗದಿ ಮಾಡಿದ್ದು 10.25% ರಿಕವರಿಗೆ ಕ್ವಿಂಟಲ್‌ಗೆ 355 ರೂ. ಅದರ ಮೇಲೆ ಪ್ರತಿ 0.1%ಗೆ 3.46 ರೂ. ಹೆಚ್ಚು, ಕೆಳಗೆ ಪ್ರತಿ 0.1%ಗೆ ಅಷ್ಟೇ ಕಡಿಮೆ. ರಿಕವರಿ 9.5% ಅಥವಾ ಅದಕ್ಕಿಂತ ಕಡಿಮೆ ಇದ್ದರೂ 329.05 ರೂ.ಗಿಂತ ಕೆಳಗೆ ಇಳಿಯುವಂತಿಲ್ಲ. ಓದಿದರೆ ಎಲ್ಲಾ ಸ್ಪಷ್ಟ ಅನ್ನಿಸುತ್ತದೆ. ಈಗ ಟೆಸ್ಟರ್ ಒಂದು ಹಾಳೆಯಲ್ಲಿ ಎರಡು ಕಾಲಂ ಎಳೆದು ತುಂಬಲಿ:

9.49 → 329.05
9.50 → 329.05
9.60 → 332.51
10.25 → 355.00
10.30 → ?
10.35 → 358.46
11.25 → 389.60

10.30ರ ಮುಂದೆ ಪೆನ್ನು ನಿಲ್ಲುತ್ತದೆ. ಅರ್ಧ ಮೆಟ್ಟಿಲಿಗೆ (ಒಂದು ಮೆಟ್ಟಿಲು ಅಂದರೆ 0.1%) ಅರ್ಧ ಹಣವೇ, ಅಂದರೆ 356.73? ಇಲ್ಲಾ ಪೂರ್ತಿ 0.1 ಆಗುವವರೆಗೆ 355 ರೂಪಾಯಿಯೇ? ಕೆಳಗಿನ ಮಿತಿಯನ್ನು ಲೆಕ್ಕ ಹಾಕಿ ನೋಡಿ. 10.25ರಿಂದ 9.50ಕ್ಕೆ ಏಳೂವರೆ ಮೆಟ್ಟಿಲು, 7.5 × 3.46 = 25.95, 355ರಿಂದ ಕಳೆದರೆ ಸರಿಯಾಗಿ 329.05. ಅಂದರೆ ಇಳಿಯುವ ಕಡೆ ಅರ್ಧ ಮೆಟ್ಟಿಲನ್ನೂ ಲೆಕ್ಕಕ್ಕೆ ಹಿಡಿದಿದ್ದಾರೆ. ಏರುವ ಕಡೆ ನಿಮ್ಮ ಗ್ರಾಹಕ ಕಾರ್ಖಾನೆಯ ಲೆಕ್ಕಪತ್ರ ವಿಭಾಗ ಏನು ಮಾಡುತ್ತದೆ? ಯಾವ ಹಂಗಾಮಿನ ರಿಕವರಿ ಹಿಡಿಯಬೇಕು? ಪೈಸೆಗೆ ರೌಂಡ್ ಮಾಡುವುದು ದರದ ಮೇಲೋ ಒಟ್ಟು ಬಿಲ್ಲಿನ ಮೇಲೋ? ಈ ಪ್ರಶ್ನೆಗಳಿಗೆ ಉತ್ತರ ಸಿಗುವವರೆಗೆ ಸ್ಟೋರಿ ಸ್ಪ್ರಿಂಟ್‌ನೊಳಗೆ ಬರಬಾರದು.

ಇದಕ್ಕೆ ಬೇಕಾದವರು ಮೂರೇ ಮಂದಿ: ಪ್ರಾಡಕ್ಟ್ ಓನರ್ (ಏನು ಮಾಡಬೇಕು ಅಂತ ತೀರ್ಮಾನಿಸುವವರು), ಆ ಕೋಡ್ ಬರೆಯುವ ಡೆವಲಪರ್, ಟೆಸ್ಟರ್. ಪ್ರತಿ ಸ್ಟೋರಿಗೆ 25 ನಿಮಿಷ ಸಾಕು. ನಾಲ್ಕು ಬಣ್ಣದ ಕಾರ್ಡ್ ಇಟ್ಟುಕೊಳ್ಳಿ. ಹಳದಿಯಲ್ಲಿ ಸ್ಟೋರಿ, ನೀಲಿಯಲ್ಲಿ ನಿಯಮ, ಹಸಿರಿನಲ್ಲಿ ಉದಾಹರಣೆ, ಕೆಂಪಿನಲ್ಲಿ ಉತ್ತರ ಗೊತ್ತಿಲ್ಲದ ಪ್ರಶ್ನೆ. ಮೇಜಿನ ಮೇಲೆ ನೀಲಿ ಕಾರ್ಡ್ ಜಾಸ್ತಿ ಬಿದ್ದರೆ ಸ್ಟೋರಿ ದೊಡ್ಡದಾಗಿದೆ, ಒಡೆಯಿರಿ. ಕೆಂಪು ಜಾಸ್ತಿ ಬಿದ್ದರೆ ಅದನ್ನು ಇನ್ನೂ ಕೈಗೆತ್ತಿಕೊಳ್ಳುವ ಹಾಗಿಲ್ಲ. ಹಸಿರು ಕಾರ್ಡ್‌ಗಳೇ ನಿಮ್ಮ ಟೆಸ್ಟ್ ಕೇಸ್‌ಗಳು, ಅವನ್ನು ಬೇರೆ ದಾಖಲೆಯಲ್ಲಿ ಮತ್ತೆ ಬರೆಯಬೇಕಾಗಿಲ್ಲ.

ಎರಡನೆಯದು, ಎಲ್ಲಾ ಕೋಡ್ ಎಂಟನೇ ದಿನಕ್ಕೇ ಯಾಕೆ ಮುಗಿಯುತ್ತದೆ ಅನ್ನುವುದನ್ನು ನೋಡಿ. ಮೊದಲ ದಿನ ಐದು ಜನ ಐದು ಸ್ಟೋರಿ ತೆರೆಯುತ್ತಾರೆ, ಐದೂ ಒಂದೇ ಸಮಯಕ್ಕೆ ಮುಗಿಯುತ್ತವೆ, ಐದೂ ಒಬ್ಬರ ತಲೆಯ ಮೇಲೆ ಬೀಳುತ್ತವೆ. ಬೋರ್ಡ್ ಮೇಲೆ ಏಕಕಾಲಕ್ಕೆ ಮೂರು ಸ್ಟೋರಿಗಿಂತ ಹೆಚ್ಚು ನಡೆಯಬಾರದು ಅಂತ ಮಿತಿ ಹಾಕಿ, ಟೆಸ್ಟಿಂಗ್ ಕಾಲಂ ಕೂಡ ಆ ಮಿತಿಯೊಳಗೇ ಇರಲಿ. ಒಂದು ಸ್ಟೋರಿ ಎರಡು ಮೂರು ದಿನಕ್ಕಿಂತ ದೊಡ್ಡದಾಗಬಾರದು. ಆಗ ಮೊದಲ ಸ್ಟೋರಿ ಮೂರನೇ ದಿನಕ್ಕೇ ಟೆಸ್ಟರ್ ಕೈಗೆ ಬರುತ್ತದೆ. ಟೆಸ್ಟಿಂಗ್ ಕಾಲಂ ತುಂಬಿದೆ, ಡೆವಲಪರ್ ಕೈ ಖಾಲಿ ಇದೆ ಅಂದರೆ ಅವರು ಹೊಸ ಸ್ಟೋರಿ ತೆಗೆಯುವಂತಿಲ್ಲ, ಬೇರೆಯವರು ಬರೆದ ಸ್ಟೋರಿ ಟೆಸ್ಟ್ ಮಾಡಬೇಕು. ಮೊದಲ ಎರಡು ಸ್ಪ್ರಿಂಟ್ ಇದು ಕಿರಿಕಿರಿ ಮಾಡುತ್ತದೆ, ಪಟ್ಟು ಬಿಡಬೇಡಿ. ಐದು ಜನರ ಕೋಡ್ ಒಬ್ಬರ ಮುಂದೆ ಸಾಲು ನಿಲ್ಲುವುದು ತಪ್ಪುವುದು ಇದೊಂದರಿಂದಲೇ.

ಟೆಸ್ಟಿಂಗ್‌ಗೆ ಬೇರೆ ಸ್ಪ್ರಿಂಟ್ ಇಡುವುದು ಖಂಡಿತ ಬೇಡ. ಬಗ್ ಸಿಗುವ ಹೊತ್ತಿಗೆ ಡೆವಲಪರ್ ಬೇರೆ ಸ್ಟೋರಿಯ ನಡುವೆ ಇರುತ್ತಾರೆ, ಹಳೆಯದನ್ನು ನೆನಪಿಗೆ ತಂದುಕೊಳ್ಳಲೇ ಅರ್ಧ ದಿನ ಹೋಗುತ್ತದೆ. ಸ್ಪ್ರಿಂಟ್ ರಿವ್ಯೂನಲ್ಲಿ ಗ್ರಾಹಕರಿಗೆ ತೋರಿಸುವುದು ಟೆಸ್ಟ್ ಆಗದ ಕೋಡ್ ಆಗಿರುತ್ತದೆ. ಸ್ಕ್ರಮ್‌ನಲ್ಲಿ (ಹೀಗೆ ಸ್ಪ್ರಿಂಟ್‌ಗಳಲ್ಲಿ ಕೆಲಸ ಮಾಡುವ ಪದ್ಧತಿ) "ಡನ್" ಅಂದರೆ ಕೊಡಲು ತಯಾರಾದದ್ದು ಅಂತಲೇ ಲೆಕ್ಕ.

ಮುಧೋಳ_ಕಂಪೈಲರ್ (ಬಾಗಲಕೋಟೆ ಜಿಲ್ಲೆ)

ಮ್ಯಾಲಿನವರು ಬರದ ಪಟ್ಟಿಯೊಳಗ 10.35 ಐತಲ್ಲ, ಅದೊಂದ ಸಾಲು ಹಿಡ್ಕೊಂಡು ಕೋಡ್ ಕಡೆ ಹೇಳ್ತೀನ್ರಿ.

ಪೂರ್ತಿ ಮೆಟ್ಟಿಲಿಗಷ್ಟ ಹಣ ಅಂತ ನಿಯಮ ಗಟ್ಟಿ ಆತು ಅನ್ಕೋರಿ. ಜಾವಾದಾಗ ಡಬಲ್ (ದಶಾಂಶ ಸಂಖ್ಯೆನ ಬೈನರಿಯೊಳಗ ಇಡೂ ಬಗೆ) ಇಟ್ಟು 10.35ರಾಗ 10.25 ಕಳದ್ರ 0.1 ಬರೂದಿಲ್ಲ, 0.09999999999999964 ಬರ್ತದ. ಯಾಕಂದ್ರ 10.25 ಬೈನರಿಯೊಳಗ ಸರಿಯಾಗಿ ಕೂಡ್ತದ, 10.35 ಕೂಡೂದಿಲ್ಲ. ಅದನ್ನ 0.1ರಿಂದ ಭಾಗಿಸಿ ಫ್ಲೋರ್ ಮಾಡಿದ್ರಂದ್ರ (ದಶಾಂಶ ಭಾಗ ಬಿಟ್ರ) 1 ಬರಬೇಕಾದಲ್ಲಿ 0 ಬಂತು. ಕ್ವಿಂಟಲ್‌ಕ್ಕ 3.46 ಹೋತು. ಹದಿನೈದು ಟನ್ನಿನ ಒಂದು ಲೋಡಿಗೆ 150 ಕ್ವಿಂಟಲ್, ಅಂದ್ರ 519 ರೂಪಾಯಿ ರೈತನ ಬಿಲ್ಲಿನಾಗ ಕಡಿಮಿ. ಸ್ಕ್ರೀನ್ ಮ್ಯಾಲ ಕೆಂಪ ಬಣ್ಣದ ಎರರ್ ಏನೂ ಬರೂದಿಲ್ಲ. ಬಿಲ್ ನೋಡಾಕ ಎಲ್ಲಾ ಸರಿನ ಇರ್ತದ. ಇಂಥಾದ್ದು ಕೈಲೆ ಕ್ಲಿಕ್ ಮಾಡಿ ಟೆಸ್ಟ್ ಮಾಡಿದ್ರ ಸಿಗೂದು ಕಷ್ಟ, ಪಟ್ಟಿ ಇಟ್ಟು ಯೂನಿಟ್ ಟೆಸ್ಟ್ ಬರದ್ರ ಎರಡ ಸೆಕೆಂಡಿನಾಗ ಸಿಗ್ತದ.

ಉಪಾಯ ಬಿಗ್‌ಡೆಸಿಮಲ್, ದಶಾಂಶ ಸಂಖ್ಯೆನ ಹಂಗ ಸರಿಯಾಗಿ ಇಡೂ ಜಾವಾದ ಬಗೆ. ಆದ್ರ ಅದನ್ನ ಸ್ಟ್ರಿಂಗ್‌ನಿಂದ (ಪಠ್ಯದಿಂದ) ಮಾಡ್ರಿ. ಡಬಲ್‌ನಿಂದ ಮಾಡಿದ್ರ ಆ ಹಳೇ ಕಸ ಹಂಗ ಒಳಗ ಬರ್ತದ. ಟೆಸ್ಟ್ ಬರಿಯೂ ಮುಂದ ಇನ್ನೊಂದು ನೆನಪಿಡ್ರಿ. ಬಿಗ್‌ಡೆಸಿಮಲ್‌ನಾಗ ಈಕ್ವಲ್ಸ್ ಹಚ್ಚಿದ್ರ 355.0 ಮತ್ತ 355.00 ಬ್ಯಾರೆ ಬ್ಯಾರೆ ಅಂತದ, ಕಂಪೇರ್‌ಟು ಹಚ್ಚಬೇಕು. ಇಲ್ಲಾಂದ್ರ ಕೋಡ್ ಸರಿ ಇದ್ರೂ ಟೆಸ್ಟ್ ಕೆಂಪಾಗ್ತದ.

ಮ್ಯಾಲಿನ ಆ ಎರಡು ಕಾಲಮ್ಮಿನ ಪಟ್ಟಿನ ಜೆಯುನಿಟ್ 5ರ (ಜಾವಾದ ಯೂನಿಟ್ ಟೆಸ್ಟ್ ಸಾಧನ) ಪ್ಯಾರಾಮೀಟರೈಸ್ಡ್ ಟೆಸ್ಟಿನೊಳಗ ಹಂಗ ಇಡಾಕ ಬರ್ತದ. ಒಂದು ಸಾಲಿಗೆ ಒಂದು ಟೆಸ್ಟ್. ಮುಂದಿನ ವರ್ಷ ದರ ಬದಲಾದ್ರ ಹೊಸಾ ಪಟ್ಟಿ ಸೇರಸ್ರಿ, ಹಳೇದನ್ನ ತಗೀಬ್ಯಾಡ್ರಿ. ಹಳೇ ಹಂಗಾಮಿನ ಬಾಕಿ ಬಿಲ್ ಹಳೇ ದರದಾಗ ಬರಬೇಕಲ್ಲ. 2024-25ಕ್ಕ ಅದು 340 ರೂ., ಮೆಟ್ಟಿಲಿಗೆ 3.32, ಕೆಳಗಿನ ಮಿತಿ 315.10. ಎರಡೂ ವರ್ಷದ ಪಟ್ಟಿ ಒಂದ ಕಡೆ ಓಡಬೇಕು.

ಸೆಲೆನಿಯಂದಾಗ ಎಲ್ಲಾ ಮಾಡೂದು ಬ್ಯಾಡ್ರಿ. ಬ್ರೌಸರ್ ತಗದು, ಲಾಗಿನ್ ಆಗಿ, ಫಾರ್ಮ್ ತುಂಬಿ ಒಂದು ದರ ಪರೀಕ್ಷೆ ಮಾಡೂ ಹೊತ್ತಿನ್ಯಾಗ ಯೂನಿಟ್ ಟೆಸ್ಟ್ ಸಾವಿರ ಓಡ್ತಾವು. ಸ್ಕ್ರೀನಿನಾಗ ಒಂದು ಬಟನ್ ಆ ಕಡಿಂದ ಈ ಕಡಿ ಸರದ್ರ ಇಪ್ಪತ್ತು ಟೆಸ್ಟ್ ಮುರೀತಾವು, ಬಿಲ್ಲಿನ ಲೆಕ್ಕ ಮಾತ್ರ ಬದಲಾಗಿರೂದಿಲ್ಲ. ಲೆಕ್ಕದ ನಿಯಮ ಎಲ್ಲಾ ಯೂನಿಟ್ ಟೆಸ್ಟ್‌ನಾಗ ಇರಲಿ. ಒರಾಕಲ್ ಜತಿ ಮಾತಾಡೂ ಭಾಗಕ್ಕ ಟೆಸ್ಟ್‌ಕಂಟೇನರ್ಸ್ ಹಚ್ಚಿ ಖರೇ ಡೇಟಾಬೇಸ್ ಎಬ್ಬಿಸಿ ಪರೀಕ್ಷೆ ಮಾಡ್ರಿ. ಎಸ್‌ಎಂಎಸ್ ಗೇಟ್‌ವೇ ಬದಲಿ ವೈರ್‌ಮಾಕ್ (ನಕಲಿ ಸರ್ವರ್) ಇಡ್ರಿ, ಅದು ತಡಾ ಮಾಡಿ ಉತ್ತರ ಕೊಟ್ರ ಏನಾಗ್ತದ ಅನ್ನೂದನ್ನೂ ನೋಡಾಕ ಬರ್ತದ. ಸ್ಕ್ರೀನ್ ಮ್ಯಾಲಿಂದ ಹತ್ತು ಹದಿನೈದು ಮುಖ್ಯ ದಾರಿ ಸಾಕು: ರೈತನ ನೋಂದಣಿ, ಭರ್ತಿ ತೂಕ, ಖಾಲಿ ತೂಕ, ಬಿಲ್, ಬ್ಯಾಂಕ್ ಪಟ್ಟಿ. ಕೋಡ್ ಪುಶ್ ಮಾಡಿದ ಹತ್ತು ನಿಮಿಷದೊಳಗ ಬಿಲ್ಡ್ (ಕೋಡ್ ಜೋಡಿಸಿ ಟೆಸ್ಟ್ ಓಡಿಸೂ ಹಂತ) ಉತ್ತರ ಕೊಡಬೇಕು. ಅದಕ್ಕಿಂತ ಹೆಚ್ಚಾದ್ರ ಮಂದಿ ಉತ್ತರದ ದಾರಿ ನೋಡೂದಿಲ್ಲ, ಮುಂದಿನ ಕೆಲಸಕ್ಕ ಹೋಗ್ತಾರ. ಸ್ಕ್ರೀನ್ ಟೆಸ್ಟ್ ರಾತ್ರಿ ಓಡ್ಲಿ.

ಇನ್ನ ಹಳೇ ಕೋಡ್. ಅದಕ್ಕ ಕುಂತು ಎಲ್ಲಾ ಕಡೆ ಯೂನಿಟ್ ಟೆಸ್ಟ್ ಬರಿಯಾಕ ಹೋಗಬ್ಯಾಡ್ರಿ, ಹಂಗಾಮು ಬಂದ್ರೂ ಮುಗಿಯೂದಿಲ್ಲ. ಹ್ವಾದ ಹಂಗಾಮಿನ ತೂಕದ ದಾಖಲೆ, ಬಿಲ್ ಎರಡೂ ನಿಮ್ಮ ಕಡೆ ಅದಾವಲ್ಲ. ತೂಕದ ದಾಖಲೆ ಹೊಸಾ ಕೋಡಿಗೆ ಹಾಕ್ರಿ, ಬಂದ ಬಿಲ್ಲನ್ನ ಹಳೇ ಬಿಲ್ ಜತಿ ಪೈಸೆ ಲೆಕ್ಕಕ್ಕ ಹೋಲಸ್ರಿ. ಫರಕ್ ಬಂದಿದ್ದಷ್ಟ ಒಂದು ಫೈಲಿಗೆ ಬರಲಿ. ಮೊದಲನೇ ಸಲ ಫೈಲ್ ದೊಡ್ಡದ ಬರ್ತದ, ಅಂಜಬ್ಯಾಡ್ರಿ. ರೌಂಡಿಂಗ್ ಫರಕ್ ಒಂದು ಗುಂಪು, ಕಟಾವು–ಸಾಗಣಿ ಹಣ ಯಾವ ಹಂತದಾಗ ಕಳೀತೀರಿ ಅನ್ನೂದರ ಫರಕ್ ಇನ್ನೊಂದು ಗುಂಪು. ಇವೆರಡೂ ಬಗಿಹರದ ಮ್ಯಾಲ ಉಳಿಯೂದು ಖರೇ ಬಗ್. ಅದರಾಗ ಕೆಲವು ಹಳೇ ಕೋಡಿನ ಬಗ್ ಇರ್ತಾವು. ಅವನ್ನ ನಿಮ್ಮಷ್ಟಕ್ಕ ನೀವ ಸರಿ ಮಾಡಬ್ಯಾಡ್ರಿ, ಕಾರ್ಖಾನೆಯವರಿಗೆ ತೋರಿಸಿ ಬರವಣಿಗಿಯೊಳಗ ಉತ್ತರ ತಗೋರಿ. ಟೆಸ್ಟ್ ಡೇಟಾಬೇಸಿಗೆ ದಾಖಲೆ ತರೂ ಮುಂದ ಆಧಾರ್, ಬ್ಯಾಂಕ್ ಖಾತೆ, ಮೊಬೈಲ್ ನಂಬರ್ ಬದಲಿ ಮಾಡೂದು ಮರೀಬ್ಯಾಡ್ರಿ. ಟೆಸ್ಟ್ ಸರ್ವರ್‌ನಿಂದ ಖರೇ ರೈತನ ಫೋನಿಗೆ ಬಿಲ್ಲಿನ ಮೆಸೇಜ್ ಹೋತಂದ್ರ ಅದನ್ನ ವಾಪಸ್ ತಗೊಳ್ಳಾಕ ಬರೂದಿಲ್ಲ.

ಉದ್ಯಮಬಾಗ_ಡೆವ್ (ಬೆಳಗಾವಿ)

ಬಹಳ ಉಪಯೋಗ ಆಯ್ತು, ಇಬ್ಬರಿಗೂ ಧನ್ಯವಾದ. ಇನ್ನೆರಡು ವಿಷಯ ಕೇಳುವುದಿದೆ. ಕಾಟಾದ ಇಂಡಿಕೇಟರ್ (ತೂಕ ತೋರಿಸುವ ಪೆಟ್ಟಿಗೆ) ನಮ್ಮ ಆಫೀಸಿನಲ್ಲಿ ಇಲ್ಲ, ಕಾರ್ಖಾನೆಗೆ ಹೋದಾಗಲೇ ಟೆಸ್ಟ್ ಆಗುವುದು. ಅದು ಸ್ಪ್ರಿಂಟ್‌ನೊಳಗೆ ಹೇಗೆ ಹಿಡಿಸುತ್ತದೆ? ಇನ್ನು ರೈತರ ಹೆಸರು ಕನ್ನಡದಲ್ಲೂ ಗಡಿ ಭಾಗದಲ್ಲಿ ಮರಾಠಿಯಲ್ಲೂ ಬರುತ್ತವೆ. ಅದಕ್ಕೆ ಏನೇನು ಟೆಸ್ಟ್ ಇರಬೇಕು?

ಕಾಟಾ_ಕೇಬಲ್ (ಚಿಕ್ಕೋಡಿ)

ಇಂಡಿಕೇಟರ್ ಇಲ್ಲದೆಯೂ ಮುಕ್ಕಾಲು ಪಾಲು ಟೆಸ್ಟ್ ಆಫೀಸಿನಲ್ಲೇ ಆಗುತ್ತದ್ರಿ. ಇಂಡಿಕೇಟರ್ ಕಂಪ್ಯೂಟರ್‌ಗೆ ಸೀರಿಯಲ್ ಪೋರ್ಟ್‌ನಲ್ಲಿ ಅಕ್ಷರಗಳ ಸಾಲು ಕಳಿಸುತ್ತಾ ಇರುತ್ತದೆ, ಅಷ್ಟೇ. ವಿಂಡೋಸ್‌ನಲ್ಲಿ ಕಾಮ್0ಕಾಮ್ ಹಾಕಿದರೆ ಒಂದಕ್ಕೊಂದು ಜೋಡಿಸಿದ ಎರಡು ನಕಲಿ ಪೋರ್ಟ್ ಸಿಗುತ್ತವೆ. ಒಂದಕ್ಕೆ ನಿಮ್ಮ ಸಾಫ್ಟ್‌ವೇರ್, ಇನ್ನೊಂದಕ್ಕೆ ಸಾಲು ಕಳಿಸುವ ಸಣ್ಣ ಪ್ರೋಗ್ರಾಂ. ಕಾರ್ಖಾನೆಗೆ ಹೋದಾಗ ಒಂದು ಪಾಳಿಯ ಸಾಲುಗಳನ್ನು ಸಮಯದ ಸಮೇತ ಫೈಲಿಗೆ ಹಿಡಿದುಕೊಂಡು ಬನ್ನಿ, ಆಮೇಲೆ ಅದೇ ವೇಗದಲ್ಲಿ ಆಫೀಸಿನಲ್ಲಿ ಮತ್ತೆ ಓಡಿಸಿ.

ನಕಲಿ ಪೋರ್ಟ್‌ನ ದೊಡ್ಡ ಲಾಭ ಬೇರೆ ಇದೆ. ಬೇಕಾದ ತಪ್ಪನ್ನು ನೀವೇ ಕಳಿಸಬಹುದು. ಎಲ್ಲಕ್ಕಿಂತ ಕೆಟ್ಟದ್ದು ಅರ್ಧ ಸಾಲು. ಸೀರಿಯಲ್ ಪೋರ್ಟ್‌ನಿಂದ ಓದುವಾಗ ಪೂರ್ತಿ ಸಾಲು ಒಂದೇ ಸಲಕ್ಕೆ ಬರಬೇಕು ಅಂತೇನೂ ಇಲ್ಲ. ಕಾಟಾ ಮೇಲೆ 18640 ಕೆಜಿ ಇದೆ, ಮೊದಲ ಅಕ್ಷರ ಹಿಂದಿನ ತುಂಡಿನ ಜೊತೆ ಹೋಯಿತು, ನಿಮ್ಮ ಕೋಡ್‌ಗೆ ಸಿಕ್ಕಿದ್ದು 8640. ಖಾಲಿ ತೂಕ 5220 ಅಂದುಕೊಂಡರೆ 13420 ಕೆಜಿ ಬರಬೇಕಾದ ಕಡೆ 3420 ಬರುತ್ತದೆ. ಸಂಖ್ಯೆ ಸೊನ್ನೆಯಲ್ಲ, ಮೈನಸ್ ಅಲ್ಲ, ಹಾಗಾಗಿ ಚೀಟಿ ತಕರಾರಿಲ್ಲದೆ ಪ್ರಿಂಟ್ ಆಗುತ್ತದೆ. ಸಾಲಿನ ಆರಂಭ ಮತ್ತು ಅಂತ್ಯದ ಗುರುತು ಎರಡೂ ಸಿಗುವವರೆಗೆ ತೂಕ ಒಪ್ಪಬಾರದು, ಉದ್ದ ಕಡಿಮೆ ಇದ್ದರೆ ಬಿಸಾಡಬೇಕು, ಒಂದೇ ತೂಕ ಸತತವಾಗಿ ಕೆಲವು ಸಲ ಬಂದರೆ ಮಾತ್ರ ಹಿಡಿಯಬೇಕು. ಟೆಸ್ಟ್‌ನಲ್ಲಿ ಸಾಲನ್ನು ಪ್ರತಿಯೊಂದು ಅಕ್ಷರದ ಜಾಗದಲ್ಲೂ ಎರಡು ತುಂಡು ಮಾಡಿ ಕಳಿಸಿ ನೋಡಿ. ಲೂಪ್ ಹಾಕಿದರೆ ಹತ್ತು ಸಾಲಿನ ಟೆಸ್ಟ್ ಅದು.

ಆಮೇಲೆ ಬಾಡ್ ರೇಟ್ (ಪೋರ್ಟ್‌ನ ವೇಗ) ಬೇರೆ ಇಟ್ಟು ನೋಡಿ (9600ರ ಬದಲು 2400), ಕೇಬಲ್ ನಡುವೆ ಕಿತ್ತು ನೋಡಿ, ಟ್ರ್ಯಾಕ್ಟರ್ ಇನ್ನೂ ಅಲುಗಾಡುತ್ತಿರುವಾಗ ಬರುವ ಏರಿಳಿತದ ತೂಕ ಕಳಿಸಿ ನೋಡಿ. ಜೋಡಿ ಟ್ರಾಲಿಯ ಒಂದು ಗಾಲಿ ಕಾಟಾದ ಹೊರಗೆ ಉಳಿದದ್ದನ್ನು ಮಾತ್ರ ಸಾಫ್ಟ್‌ವೇರ್ ಕಂಡುಹಿಡಿಯಲಾರದು, ಅದಕ್ಕೆ ಸೆನ್ಸರ್ ಅಥವಾ ಮನುಷ್ಯ ಬೇಕು.

ನೆಟ್‌ವರ್ಕ್ ಹೋದಾಗಿನ ಟೆಸ್ಟ್ ಬಿಡಲೇಬೇಡಿ. ಭರ್ತಿ ತೂಕ ಆದ ಮೇಲೆ, ಖಾಲಿ ತೂಕ ಆಗುವ ಮೊದಲು ನೆಟ್ ತೆಗೆಯಿರಿ. ಖಾಲಿ ತೂಕ ಸ್ಥಳೀಯವಾಗಿ ಉಳಿಯಬೇಕು, ನೆಟ್ ಬಂದ ಮೇಲೆ ಹೋಗಬೇಕು. ಈಗ ಸರ್ವರ್ ದಾಖಲಿಸಿಕೊಂಡು ಉತ್ತರ ಕಳಿಸುವಷ್ಟರಲ್ಲಿ ನೆಟ್ ತೆಗೆಯಿರಿ. ಕಾಟಾದ ಕಂಪ್ಯೂಟರ್ ಉತ್ತರ ಬರಲಿಲ್ಲ ಅಂತ ಮತ್ತೆ ಕಳಿಸುತ್ತದೆ, ಒಂದೇ ಲೋಡಿಗೆ ಎರಡು ಬಿಲ್ ಆಗುತ್ತದೆ. ಚೀಟಿ ಹುಟ್ಟುವಾಗಲೇ ಅದಕ್ಕೊಂದು ಬದಲಾಗದ ಗುರುತಿನ ಸಂಖ್ಯೆ ಕೊಟ್ಟು, ಅದೇ ಸಂಖ್ಯೆ ಎರಡನೇ ಸಲ ಬಂದರೆ ಸರ್ವರ್ ಹೊಸ ದಾಖಲೆ ಮಾಡದೆ ಹಳೆಯ ಉತ್ತರವನ್ನೇ ಕೊಡಬೇಕು.

ವಿಜಯಪುರದವರ ಮಾತಿಗೆ ಒಂದು ತಿದ್ದುಪಡಿ ಹೇಳಬೇಕು. ಪ್ರತ್ಯೇಕ ಟೆಸ್ಟಿಂಗ್ ಸ್ಪ್ರಿಂಟ್ ಬೇಡ ಅನ್ನುವುದು ಬಿಲ್ಲಿನ ಕೋಡ್‌ಗೆ ಸರಿ. ಆದರೆ ಕಾಟಾದ ಮೇಲಿನ ಪರೀಕ್ಷೆ ಕಾರ್ಖಾನೆಯ ಅನುಕೂಲದಂತೆ ನಡೆಯುವುದು, ಸ್ಪ್ರಿಂಟ್‌ನ ತಾರೀಖು ನೋಡಿ ಅಲ್ಲ. ಹಂಗಾಮಿಗೆ ಮೊದಲು ಕಾಟಾದ ಮೇಲೆ ಎರಡು ಪೂರ್ತಿ ದಿನದ ಪರೀಕ್ಷೆಯನ್ನು ಬೇರೆಯೇ ಕೆಲಸ ಅಂತ ಬ್ಯಾಕ್‌ಲಾಗ್‌ಗೆ (ಬಾಕಿ ಕೆಲಸಗಳ ಪಟ್ಟಿಗೆ) ಹಾಕಿ. ಸ್ಟೋರಿ "ಡನ್" ಆಗಲು ನಕಲಿ ಪೋರ್ಟ್ ಸಾಕು, ಕಾರ್ಖಾನೆಗೆ ಹೊಸ ಆವೃತ್ತಿ ಕೊಡಲು ಖರೆ ಕಾಟಾ ಬೇಕು ಅಂತ ಎರಡು ಮಟ್ಟ ಇಟ್ಟುಕೊಂಡರೆ ಗೊಂದಲ ಇರುವುದಿಲ್ಲ.

ಒತ್ತಕ್ಷರ (ಬೆಳಗಾವಿ)

ಹೆಸರಿನ ವಿಷಯಕ್ಕೆ. ಒರಾಕಲ್ ಅಂದಿರಲ್ಲ, ಮೊದಲು ಕಾಲಂಗಳ ಉದ್ದ ನೋಡಿ. ವಾರ್‌ಚಾರ್2(30) ಅಂತ ಬರೆದರೆ ಸೆಟ್ಟಿಂಗ್ ಬದಲಿಸದ ಹೊರತು ಅದು 30 ಬೈಟ್. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್. "ಮಲ್ಲಿಕಾರ್ಜುನ" ಅನ್ನುವ ಹೆಸರಿನಲ್ಲಿ ವ್ಯಂಜನ, ಸ್ವರಚಿಹ್ನೆ, ವಿರಾಮ ಎಲ್ಲಾ ಸೇರಿ 12 ಸಂಕೇತ, ಅಂದರೆ 36 ಬೈಟ್. ಅಡ್ಡಹೆಸರು ಬರುವ ಮೊದಲೇ ಕಾಲಂ ತುಂಬಿ ಒಆರ್‌ಎ-12899 ಅನ್ನುವ ಎರರ್ ಬರುತ್ತದೆ. 30ರ ಮುಂದೆ ಚಾರ್ ಅಂತ ಸೇರಿಸಬೇಕು. ಇಂಗ್ಲಿಷ್ ಹೆಸರಿನಲ್ಲಿ ಟೆಸ್ಟ್ ಮಾಡಿದರೆ ಇದು ಯಾವತ್ತೂ ಹೊರಗೆ ಬರುವುದಿಲ್ಲ. ಟೆಸ್ಟ್ ಡೇಟಾದಲ್ಲಿ ಒತ್ತಕ್ಷರ ಹೆಚ್ಚಿರುವ ಉದ್ದ ಹೆಸರುಗಳು, ದೇವನಾಗರಿಯ ಹೆಸರುಗಳು ಕಡ್ಡಾಯ ಇರಲಿ.

ಎಸ್‌ಎಂಎಸ್ ಕಡೆ: ಇಂಗ್ಲಿಷ್ ಸಂದೇಶಕ್ಕೆ 160 ಅಕ್ಷರ, ಕನ್ನಡ ಬಂದ ಕೂಡಲೇ ಮಿತಿ 70. ಅದಕ್ಕಿಂತ ಹೆಚ್ಚಾದರೆ ಪ್ರತಿ ತುಂಡಿಗೆ 67. ಇಲ್ಲೂ ಎಣಿಕೆ ಸಂಕೇತಗಳದ್ದು. "ಕಬ್ಬಿನ" ಕಣ್ಣಿಗೆ ಮೂರು ಅಕ್ಷರ, ಎಣಿಕೆಯಲ್ಲಿ ಆರು. 70, 71, 134, 135 ಸಂಕೇತದ ಸಂದೇಶಗಳನ್ನು ಟೆಸ್ಟ್‌ನಲ್ಲಿ ಇಡಿ. ಸಂದೇಶ ಎಷ್ಟು ತುಂಡಾಯಿತು ಅನ್ನುವುದು ಕಾರ್ಖಾನೆ ಕಟ್ಟುವ ಹಣದ ಪ್ರಶ್ನೆ. ಡಿಎಲ್‌ಟಿಯಲ್ಲಿ (ಎಸ್‌ಎಂಎಸ್ ಟೆಂಪ್ಲೇಟ್ ನೋಂದಾಯಿಸುವ ವ್ಯವಸ್ಥೆ) ಒಪ್ಪಿಗೆಯಾದ ಟೆಂಪ್ಲೇಟ್‌ಗೆ ಒಂದು ಸ್ಪೇಸ್ ವ್ಯತ್ಯಾಸ ಬಂದರೂ ಸಂದೇಶ ನಿಲ್ಲಬಹುದು, ಆದ್ದರಿಂದ ಕೋಡ್‌ನಲ್ಲಿರುವ ಪಠ್ಯವನ್ನು ಒಪ್ಪಿಗೆಯಾದ ಪಠ್ಯದ ಜೊತೆ ಹೋಲಿಸುವ ಟೆಸ್ಟ್ ಒಂದು ಬಿಲ್ಡ್‌ನಲ್ಲೇ ಇರಲಿ.

ಹುಡುಕುವಾಗ ಕಾಣದ ಅಕ್ಷರ ಕಾಡುತ್ತದೆ. "ಲಕ್ಷ್ಮಣ್‌ರಾವ್" ಬರೆಯುವಾಗ ಣ್ ಮುಂದೆ ಅಗಲವಿಲ್ಲದ ಸಂಕೇತ ಒಂದು ಸೇರಿರುತ್ತದೆ. ಒಬ್ಬ ಗುಮಾಸ್ತರು ಅದನ್ನು ಹಾಕಿ ಟೈಪ್ ಮಾಡಿರುತ್ತಾರೆ, ಇನ್ನೊಬ್ಬರು ಜಾಗ ಬಿಟ್ಟು ಬರೆದಿರುತ್ತಾರೆ. ಒಬ್ಬನೇ ರೈತ ಎರಡು ಖಾತೆಯಾಗುತ್ತಾನೆ. ಹುಡುಕುವ ಮೊದಲು ಎರಡೂ ಕಡೆಯ ಪಠ್ಯವನ್ನು ಯೂನಿಕೋಡ್‌ನ ಎನ್‌ಎಫ್‌ಸಿ ಅನ್ನುವ ಏಕರೂಪಕ್ಕೆ ತಂದು, ಅಗಲವಿಲ್ಲದ ಸಂಕೇತ ಮತ್ತು ಜಾಗ ಎರಡನ್ನೂ ತೆಗೆದು ಹೋಲಿಸಿ. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಇದ್ದರೆ ಕನ್ನಡ ಚೀಟಿ ಡ್ರೈವರ್ ಮೂಲಕ ಚಿತ್ರವಾಗಿ ಹೋಗುತ್ತದೆ, ಇಂಗ್ಲಿಷ್‌ಗಿಂತ ನಿಧಾನ. ಹೊರಗೆ ಟ್ರ್ಯಾಕ್ಟರ್‌ಗಳ ಸಾಲು ನಿಂತಿರುವಾಗ ಒಂದು ಚೀಟಿಗೆ ಎಷ್ಟು ಸೆಕೆಂಡ್ ಅನ್ನುವುದನ್ನೂ ಅಳೆದು ಬರೆದಿಡಿ.

ಇನ್ನೊಂದು. ಕುಕುಂಬರ್ (ಸಾದಾ ಮಾತಿನಲ್ಲಿ ಬರೆದ ಉದಾಹರಣೆಗಳನ್ನು ಟೆಸ್ಟ್ ಆಗಿ ಓಡಿಸುವ ಸಾಧನ) ಬಳಸುವ ಯೋಚನೆ ಇದ್ದರೆ, ಅದರ ಗರ್ಕಿನ್ ಭಾಷೆಗೆ ಕನ್ನಡದ ಕೀವರ್ಡ್‌ಗಳೂ ಇವೆ. ಲೆಕ್ಕಪತ್ರದವರು ಉದಾಹರಣೆಗಳನ್ನು ತಾವೇ ಓದಿ ಸಹಿ ಹಾಕುವುದಾದರೆ ಅದು ಕೆಲಸಕ್ಕೆ ಬರುತ್ತದೆ. ಡೆವಲಪರ್‌ಗಳೇ ಬರೆದು ಡೆವಲಪರ್‌ಗಳೇ ಓದುವುದಾದರೆ ಜೆಯುನಿಟ್‌ನ ಪಟ್ಟಿಯೇ ಸರಳ.

ಗುಮ್ಮಟನಗರಿ_ಕ್ಯೂಎ (ವಿಜಯಪುರ)

ಕಾಟಾದವರ ತಿದ್ದುಪಡಿ ಒಪ್ಪಿದೆ, ಹಾರ್ಡ್‌ವೇರ್ ಇದ್ದಲ್ಲಿ ಎರಡು ಮಟ್ಟ ಬೇಕೇಬೇಕು.

ಇನ್ನೊಬ್ಬ ಟೆಸ್ಟರ್ ಬೇಕೇ ಅನ್ನುವ ಪ್ರಶ್ನೆ ಉಳಿದಿದೆ. ಈಗಿರುವವರ ಹತ್ತು ದಿನ ಯಾವುದಕ್ಕೆ ಹೋಗುತ್ತದೆ ನೋಡಿ. ಹಳೆಯ ಸ್ಕ್ರೀನ್‌ಗಳನ್ನು ಪ್ರತಿ ಸ್ಪ್ರಿಂಟ್‌ನಲ್ಲೂ ಕೈಯಿಂದ ಮತ್ತೆ ಮತ್ತೆ ಒತ್ತುವುದರಲ್ಲೇ ಹೋಗುತ್ತಿದ್ದರೆ ಎರಡನೆಯವರು ಬಂದರೂ ಒಂದು ವರ್ಷದಲ್ಲಿ ಅವರೂ ಅಲ್ಲೇ ಸಿಕ್ಕಿಕೊಳ್ಳುತ್ತಾರೆ. ಸ್ಕ್ರೀನ್‌ಗಳು ಹೆಚ್ಚುತ್ತಾ ಹೋಗುತ್ತವೆ, ದಿನಗಳು ಹತ್ತೇ. ಆ ಮರುಪರೀಕ್ಷೆ ಯಂತ್ರಕ್ಕೆ ಹೋಗಲಿ, ಅದನ್ನು ಬರೆಯುವುದು ಡೆವಲಪರ್‌ಗಳ ಕೆಲಸ. ಕೋಡ್ ಬರೆದವರು ಅದರ ಯೂನಿಟ್ ಟೆಸ್ಟನ್ನೂ ಅದೇ ಸ್ಟೋರಿಯಲ್ಲಿ ಬರೆಯಬೇಕು. ಸ್ಟೋರಿಯ ಅಂದಾಜು ಒಂದೇ ಸಂಖ್ಯೆ, ಟೆಸ್ಟಿಂಗ್ ಅದರೊಳಗೇ ಸೇರಿರಬೇಕು. ಡೆವಲಪ್‌ಮೆಂಟ್‌ಗೆ 3, ಟೆಸ್ಟಿಂಗ್‌ಗೆ 2 ಅಂತ ಒಡೆದು ಬರೆದ ದಿನವೇ ಅವು ಎರಡು ಕೆಲಸವಾಗಿ ಬೇರೆಯಾಗುತ್ತವೆ.

ಟೆಸ್ಟರ್‌ಗೆ ಉಳಿಯುವುದು ಯಂತ್ರ ಮಾಡಲಾಗದ ಕೆಲಸ. ಸ್ಪ್ರಿಂಟ್‌ಗೆ ಮೊದಲು ಉದಾಹರಣೆಗಳ ಮಾತುಕತೆ. ಕೋಡ್ ಮರ್ಜ್ ಆಗುವ (ಮುಖ್ಯ ಕೋಡ್‌ಗೆ ಸೇರುವ) ಮುನ್ನ ಡೆವಲಪರ್ ಪಕ್ಕ ಕುಳಿತು ಹತ್ತು ನಿಮಿಷ ನೋಡುವುದು. ಹಸಿರು ಕಾರ್ಡ್‌ಗಳಲ್ಲಿರುವುದೆಲ್ಲ ಓಡುತ್ತದೆಯೇ, ಖಾಲಿ ಬಿಟ್ಟರೆ, ಎರಡು ಸಲ ಒತ್ತಿದರೆ ಏನಾಗುತ್ತದೆ? ಅಲ್ಲಿ ಸಿಕ್ಕಿದ್ದಕ್ಕೆ ಟಿಕೆಟ್ ಬರೆಯುವುದು ಬೇಡ, ಅಲ್ಲೇ ಸರಿಯಾಗಲಿ. ಆಮೇಲೆ 60ರಿಂದ 90 ನಿಮಿಷದ ಎಕ್ಸ್‌ಪ್ಲೊರೇಟರಿ ಸೆಷನ್ (ಮೊದಲೇ ಬರೆದ ಹೆಜ್ಜೆಗಳಿಲ್ಲದೆ ಹುಡುಕುತ್ತಾ ಹೋಗುವ ಪರೀಕ್ಷೆ), ಒಂದು ಗುರಿ ಬರೆದುಕೊಂಡು. "ಬಿಲ್ಲು ಪರಿಶೀಲಿಸು" ಅನ್ನುವುದು ಗುರಿಯಲ್ಲ. "ಹಣ ತಡವಾದಾಗಿನ ಬಡ್ಡಿಯನ್ನು ತಿಂಗಳ ಕೊನೆ, ರಾತ್ರಿ ಪಾಳಿ, ರದ್ದಾದ ಚೀಟಿಗಳ ಜೊತೆ ನೋಡು" ಅನ್ನುವುದು ಗುರಿ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಪೂರೈಸಿದ 14 ದಿನದೊಳಗೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ 15% ಬಡ್ಡಿ. ಹದಿನಾಲ್ಕನೇ ದಿನ, ಹದಿನೈದನೇ ದಿನ, ಎರಡು ಕಂತಿನಲ್ಲಿ ಕೊಟ್ಟಾಗ ಎರಡನೇ ಕಂತಿನ ಬಾಕಿ, ಹೀಗೆ ಎಳೆ ಹಿಡಿದು ಹೋದರೆ ಒಂದೂವರೆ ಗಂಟೆ ಸಾಲದು.

"ಡನ್" ಪಟ್ಟಿ ಚಿಕ್ಕದಿರಲಿ, ಗೋಡೆಗೆ ಅಂಟಿಸಿ: ಉದಾಹರಣೆಗಳೆಲ್ಲ ಆಟೊಮೇಟ್ ಆಗಿ ಹಸಿರಾಗಿರಬೇಕು, ಹೋದ ಹಂಗಾಮಿನ ಬಿಲ್ಲಿನ ಹೋಲಿಕೆಯಲ್ಲಿ ವಿವರಣೆಯಿಲ್ಲದ ಫರಕು ಇರಬಾರದು, ಸೆಷನ್ ಮುಗಿದಿರಬೇಕು, ಗೊತ್ತಿರುವ ಬಗ್ ಉಳಿದಿರಬಾರದು. ಕವರೇಜ್ ಶೇಕಡಾವನ್ನು (ಟೆಸ್ಟ್‌ಗಳು ಕೋಡ್‌ನ ಎಷ್ಟು ಸಾಲು ಓಡಿಸಿದವು ಅನ್ನುವ ಲೆಕ್ಕ) ಆ ಪಟ್ಟಿಗೆ ಸೇರಿಸಬೇಡಿ. ಟೆಸ್ಟ್ ಒಂದು ಸಾಲನ್ನು ಓಡಿಸಿತು ಅಂದರೆ ಆ ಸಾಲಿನ ಉತ್ತರ ಪರೀಕ್ಷಿಸಿತು ಅಂತಲ್ಲ. ಬಿಲ್ಲಿನ ಭಾಗಕ್ಕೆ ಮಾತ್ರ ಪಿಟ್ ಅನ್ನುವ ಸಾಧನ ಹಾಕಿ ಮ್ಯುಟೇಷನ್ ಟೆಸ್ಟ್ ಓಡಿಸಿ. ಅದು ಕೋಡ್‌ನಲ್ಲಿರುವ "ಕಡಿಮೆ ಅಥವಾ ಸಮ" ಅನ್ನು "ಕಡಿಮೆ" ಅಂತ ಬದಲಿಸಿ ನೋಡುತ್ತದೆ. ಹಾಗೆ ಬದಲಿಸಿದ ಮೇಲೂ ಟೆಸ್ಟ್‌ಗಳೆಲ್ಲ ಹಸಿರೇ ಇದ್ದರೆ ಆ ಗಡಿಯನ್ನು ಯಾವ ಟೆಸ್ಟೂ ಕಾಯುತ್ತಿಲ್ಲ.

ಗ್ರಾಹಕರ ಕಡೆಯಿಂದ ಬಗ್ ಬಂದರೆ, ಕೋಡ್ ಮುಟ್ಟುವ ಮೊದಲು ಅದನ್ನು ತೋರಿಸುವ ಟೆಸ್ಟ್ ಬರೆಯಿರಿ, ಅದು ಕೆಂಪಾಗಲಿ, ಆಮೇಲೆ ಸರಿ ಮಾಡಿ.

ಉದ್ಯಮಬಾಗ_ಡೆವ್ (ಬೆಳಗಾವಿ)

ಟೆಸ್ಟರ್ ವಿಷಯ ಈಗ ತಿಳಿಯಿತು. ಕೊನೆಯದಾಗಿ, ರಾತ್ರಿ ಪಾಳಿ ಅಂದಿರಲ್ಲ. ದಿನಾಂಕದ ಕೆಲವು ಟೆಸ್ಟ್‌ಗಳು ಹಗಲು ಪಾಸ್ ಆಗಿ ರಾತ್ರಿಯ ಬಿಲ್ಡ್‌ನಲ್ಲಿ ಫೇಲ್ ಆಗುತ್ತವೆ, ಮತ್ತೆ ಬೆಳಿಗ್ಗೆ ಓಡಿಸಿದರೆ ಪಾಸ್. ಅಂಥವನ್ನು ತೆಗೆದುಬಿಡುವುದು ಸರಿಯೇ?

ಮುಧೋಳ_ಕಂಪೈಲರ್ (ಬಾಗಲಕೋಟೆ ಜಿಲ್ಲೆ)

ತಗೀಬ್ಯಾಡ್ರಿ, ಅದು ಖರೇ ಬಗ್ ಇರೂ ಸಾಧ್ಯತೆ ಬಾಳ ಅದ. ಬಿಲ್ಡ್ ಸರ್ವರ್ ಬಾಳ ಸಲ ಯುಟಿಸಿ ಅನ್ನೂ ಜಾಗತಿಕ ಟೈಮಿನಾಗ ಇರ್ತದ, ನಮ್ಮ ಟೈಮ್ ಅದಕ್ಕಿಂತ ಐದೂವರೆ ತಾಸು ಮುಂದ. ನಮ್ಮ ಕಡೆ ರಾತ್ರಿ 12ರಿಂದ ಮುಂಜಾನಿ 5.30ರ ತನಕ ಯುಟಿಸಿಯೊಳಗ ಇನ್ನೂ ನಿನ್ನಿ ತಾರೀಖು ಇರ್ತದ. ನಿಮ್ಮ ಖರೇ ಸರ್ವರ್‌ನೂ ಯುಟಿಸಿಯೊಳಗ ಇದ್ರ, ಡಿಸೆಂಬರ್ 10ರ ರಾತ್ರಿ ಎರಡಕ್ಕ ಆದ ತೂಕ 9ನೇ ತಾರೀಖಿಗೆ ಬೀಳ್ತದ, ಬಡ್ಡಿ ಲೆಕ್ಕದ 14 ದಿನಾ ಒಂದು ದಿನಾ ಮೊದಲ ಮುಗೀತದ. ಕಾರ್ಖಾನೆ ಇಪ್ಪತ್ನಾಲ್ಕು ತಾಸು ನಡೀತದ, ಆ ಐದೂವರೆ ತಾಸಿನಾಗ ಬರೂ ಲೋಡ್ ಸಣ್ಣ ಸಂಖ್ಯೆ ಅಲ್ಲ.

ಕೋಡಿನಾಗ ಎಲ್ಲೆಲ್ಲಿ ಈಗಿನ ಸಮಯ ನೇರ ಕೇಳ್ತೀರಿ ಅದನ್ನೆಲ್ಲಾ ತಗದು, ಜಾವಾದ ಕ್ಲಾಕ್ ಹೊರಗಿಂದ ಕೊಡ್ರಿ. ಟೆಸ್ಟ್‌ನಾಗ ಅದನ್ನ ಬೇಕಾದ ಸಮಯಕ್ಕ ನಿಲ್ಲಿಸಾಕ ಬರ್ತದ: ರಾತ್ರಿ 11.59, 12.00, ಮುಂಜಾನಿ 5.29, 5.30, ಮಾರ್ಚ್ 31, ಲೀಪ್ ವರ್ಷದ ಫೆಬ್ರವರಿ 29. ಟೈಮ್‌ಝೋನ್ ಏಷ್ಯಾ/ಕೋಲ್ಕತಾ ಅಂತ ಕೋಡಿನಾಗ ಬರೀರಿ, ಮಷೀನಿನ ಸೆಟ್ಟಿಂಗ್ ನಂಬಬ್ಯಾಡ್ರಿ. ಕಾರ್ಖಾನೆ ಲೆಕ್ಕದಾಗ ದಿನಾ ಮಧ್ಯರಾತ್ರಿಗೆ ಬದಲಾಗ್ತದೋ ಪಾಳಿ ಬದಲಾದಾಗೋ ಅನ್ನೂದನ್ನೂ ಕೇಳಿ ಬರಕೋರಿ, ಅದು ಕಾರ್ಖಾನೆಗೊಂದು ಇರಬಹುದು, ಅದಕ್ಕ ಅದನ್ನ ಸೆಟ್ಟಿಂಗ್‌ನಾಗ ಇಡ್ರಿ.

ಒಮ್ಮೆ ಪಾಸ್ ಒಮ್ಮೆ ಫೇಲ್ ಆಗೂ ಬ್ಯಾರೆ ಟೆಸ್ಟ್ ಇದ್ರ ಮೂರು ಕಾರಣ ಮೊದಲ ನೋಡ್ರಿ: ಎರಡು ಟೆಸ್ಟ್ ಒಂದ ಚೀಟಿ ನಂಬರ್ ಹಂಚ್ಕೊಂಡಾವೇನು, ಒಂದರ ಮುಂದ ಇನ್ನೊಂದು ಓಡಿದ್ರಷ್ಟ ಪಾಸ್ ಆಗ್ತದೇನು, ಐದು ಸೆಕೆಂಡ್ ಸ್ಲೀಪ್ ಹಾಕಿ ಕಾಯ್ತದೇನು. ಕಾರಣ ಸಿಗೂ ತನಕ ಆ ಟೆಸ್ಟನ್ನ ಮುಖ್ಯ ಬಿಲ್ಡಿನಿಂದ ಬ್ಯಾರೆ ಗುಂಪಿಗೆ ಹಾಕ್ರಿ, ಯಾರು ನೋಡ್ತಾರ, ಯಾವತ್ತಿನೊಳಗ ಅಂತ ಪಕ್ಕದಾಗ ಬರೀರಿ. ರೀರನ್ ಒತ್ತಿ ಹಸಿರು ಮಾಡೂ ರೂಢಿ ಬಿದ್ರ ಖರೇ ಬಗ್ ಬಂದಾಗೂ ಮಂದಿ ರೀರನ್ ಒತ್ತಿ ಮುಂದ ಹೋಗ್ತಾರ.